ಪಿಚ್ ಲಿಂಕ್: ಜೋಡಿ ಹಾಕುವುದೋ, ಕೊಳವೆಯೊಳಗೆ ಕಂಬಿ ಇಡುವುದೋ?

ಹೆಲಿಕಾಪ್ಟರಿನ ಸ್ವಾಶ್‌ಪ್ಲೇಟಿನಿಂದ (ಪೈಲಟ್‌ನ ಆಜ್ಞೆಯನ್ನು ತಿರುಗುವ ಬ್ಲೇಡುಗಳಿಗೆ ದಾಟಿಸುವ ತಟ್ಟೆ) ಪ್ರತಿ ಬ್ಲೇಡಿನ ಪಿಚ್ ಹಾರ್ನ್‌ಗೆ (ಬ್ಲೇಡಿನ ಕೋನ ಬದಲಿಸುವ ತೋಳು) ಸಾಮಾನ್ಯವಾಗಿ ಒಂದೇ ಲಿಂಕ್, ಅಂದರೆ ಒಂದೇ ಸರಳು. ಅದು ಮುರಿದರೆ ಆ ಬ್ಲೇಡು ಹೇಳಿದ ಮಾತು ಕೇಳದು. ಅದಕ್ಕೆ ಬೆಂಬಲ ಕೊಡಲು ದಾರಿ ಎರಡು: ಲಿಂಕನ್ನೇ ಜೋಡಿ ಮಾಡುವುದು, ಇಲ್ಲವೇ ಕೊಳವೆಯಂಥ ಲಿಂಕಿನೊಳಗೆ ಒಂದು ಕಂಬಿ ಇಡುವುದು.

ಅಕ್ಕಪಕ್ಕ ಎರಡು ಲಿಂಕ್ ಹಾಕಿದರೆ ಲಿಂಕಿನ ತುದಿಯಲ್ಲಿ ತಿರುಗುವ ಕೀಲು, ಅಂದರೆ ರಾಡ್ ಎಂಡ್ ಬೇರಿಂಗೂ ಜೋಡಿಯಾಗುತ್ತದೆ. ಸವೆಯುವುದು ಅದೇ ಆದ್ದರಿಂದ ಇದು ದೊಡ್ಡ ಲಾಭ. ತೊಂದರೆ ಇರುವುದು ಉದ್ದದಲ್ಲಿ: ಒಂದು ಕೂದಲೆಳೆಯಷ್ಟು ಹೆಚ್ಚಾದರೂ ಎರಡೂ ಒಂದನ್ನೊಂದು ತಳ್ಳಾಡುತ್ತವೆ. ಟ್ರ್ಯಾಕಿಂಗ್ (ಎಲ್ಲ ಬ್ಲೇಡುಗಳ ತುದಿ ಒಂದೇ ಮಟ್ಟದಲ್ಲಿ ಸುತ್ತುವಂತೆ ಮಾಡುವುದು) ಸರಿಪಡಿಸಲು ಲಿಂಕಿನ ಉದ್ದ ಬದಲಿಸುವಾಗ ಎರಡನ್ನೂ ಸಮನಾಗಿ ತಿರುಗಿಸಿ. ಬೋಲ್ಟ್ ಕೈಯಲ್ಲೇ ಜಾರಿ ಒಳಹೋಗಬೇಕು. ಸುತ್ತಿಗೆ ಬೇಕೆನಿಸಿದರೆ ಉದ್ದ ತಪ್ಪಿದೆ. ಆಮೇಲೆ ಸಡಿಲವಾಗದಂತೆ ಲಾಕ್‌ನಟ್, ಸೇಫ್ಟಿ ವೈರ್.

ಕೊಳವೆಯೊಳಗಿನ ಕಂಬಿಗೆ ಈ ಜಗಳವಿಲ್ಲ. ಸಣ್ಣ ಸಡಿಲು ಬಿಟ್ಟಿರುವುದರಿಂದ ಹೊರಕೊಳವೆ ಮುರಿಯುವ ತನಕ ಅದರ ಮೇಲೆ ಹೊರೆ ಬೀಳದು. ಮುರಿದ ಮೇಲೆ ಆ ಸಡಿಲೇ ಕಂಪನವಾಗಿ ಸುದ್ದಿ ಮುಟ್ಟಿಸುತ್ತದೆ. ಬೇರಿಂಗ್ ಮಾತ್ರ ಒಂದೇ ಉಳಿಯಿತಲ್ಲ!

ಹಬ್‌ನಲ್ಲಿ (ಬ್ಲೇಡುಗಳು ಕೂಡುವ ನಡುಭಾಗ) ಜಾಗವಿದ್ದರೆ ಜೋಡಿಯೇ ಮೇಲು. ಆದರೆ ಒಂದು ಮುರಿದದ್ದು ಹಾರಾಟದಲ್ಲಿ ಗೊತ್ತಾಗದೆ ಹೋಗಬಹುದು; ಹಾರುವ ಮುನ್ನ ಎರಡನ್ನೂ ಬೇರೆಬೇರೆಯಾಗಿ ಅಲುಗಾಡಿಸಿ ನೋಡಲೇಬೇಕು.