ಮೂರು ಸ್ವಿಚ್, ಒಂದು ಮಳೆಗಾಲ: ಒಎಲ್‌ಇಡಿ ಮಾದರಿಗೆ ಬೈದಿದ್ದು ಸರಿಯಾ?

2021ರ ಜುಲೈ 6ರಂದು ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ, ಕೈಯಲ್ಲಿ ಹಿಡಿದೂ ಟಿವಿಗೆ ಹಾಕಿಯೂ ಆಡಬಹುದಾದ ತನ್ನ ಆಟದ ಯಂತ್ರ ಸ್ವಿಚ್‌ನ ಹೊಸ ಮಾದರಿ ತೋರಿಸಿದಾಗ ಅಭಿಮಾನಿಗಳು ಸಿಟ್ಟಾದರು. ನನಗೂ ಸಿಟ್ಟು ಬಂದಿತ್ತು, ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಹಬ್ಬಿದ್ದ ಸುದ್ದಿಯೇ ಬೇರೆ. ಹೊಸ ಚಿಪ್ ಬರುತ್ತದೆ, ಟಿವಿಗೆ ಹಾಕಿದರೆ ತುಂಬಾ ಸ್ಪಷ್ಟವಾದ 4ಕೆ ಚಿತ್ರ ಬರುತ್ತದೆ ಅಂತ ಎಲ್ಲ ಕಡೆ ಮಾತಿತ್ತು. 'ಸ್ವಿಚ್ ಪ್ರೊ' ಅಂತ ಜನರೇ ಹೆಸರನ್ನೂ ಇಟ್ಟಾಗಿತ್ತು. ಕೊನೆಗೆ ಬಂದಿದ್ದು 7 ಇಂಚಿನ ಒಎಲ್‌ಇಡಿ ಪರದೆ, ಅಗಲವಾದ ಸ್ಟ್ಯಾಂಡ್, 64 ಜಿಬಿ ಸ್ಟೋರೇಜ್, ಟಿವಿಗೆ ಜೋಡಿಸುವ ಪೀಠಕ್ಕೆ, ಅಂದರೆ ಡಾಕ್‌ಗೆ, ಇಂಟರ್ನೆಟ್ ಕೇಬಲ್ ಹಾಕುವ ಒಂದು ಲ್ಯಾನ್ ಪೋರ್ಟ್. ಪ್ರೊಸೆಸರ್ ಮಾತ್ರ ಹಳೆಯದೇ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಬೆಲೆಯೂ 299.99 ಡಾಲರ್‌ನಿಂದ 349.99ಕ್ಕೆ ಏರಿತು.

ನಮ್ಮ ಮನೆಯಲ್ಲಿ ಈಗ ಮೂರು ಬಗೆಯ ಸ್ವಿಚ್ ಇವೆ. ನನ್ನದು 2019ರಲ್ಲಿ ಬ್ಯಾಟರಿ ಬಾಳಿಕೆ ಹೆಚ್ಚಿಸಿ ಬಂದ ಮಾಮೂಲಿ ಮಾದರಿ. ಅಕ್ಕನ ಮಗಳದ್ದು ಅದೇ ವರ್ಷ ಬಂದ ಸಣ್ಣ ಸ್ವಿಚ್ ಲೈಟ್. ತಮ್ಮನದ್ದು ಒಎಲ್‌ಇಡಿ. ನಾವಿರುವುದು ಶಿವಮೊಗ್ಗದಲ್ಲಿ. ಹಬ್ಬಕ್ಕೆ, ರಜೆಗೆ ಎಲ್ಲರೂ ಸೇರುವುದು ತೀರ್ಥಹಳ್ಳಿ ಹತ್ತಿರದ ಹಳೇ ಮನೆಯಲ್ಲಿ. ಒಂದೇ ಆಟವನ್ನು, ಒಂದೇ ಜಾಗದಲ್ಲಿ ಕೂತು, ಮೂರರಲ್ಲೂ ಬದಲಿಸಿ ಬದಲಿಸಿ ಆಡಿ ನೋಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಆಡುವವರ ಸಿಟ್ಟು ನೂರಕ್ಕೆ ನೂರು ಸರಿ. ಕೈಯಲ್ಲಿ ಹಿಡಿದು ಆಡುವವರಿಗೆ, ಅದರಲ್ಲೂ ಮಳೆಗಾಲದ ಮಲೆನಾಡಿನವರಿಗೆ, ಈ ಸಣ್ಣ ಬದಲಾವಣೆ ಸಣ್ಣದಲ್ಲ.

ಯಾಕೆ ಅಂತೀರಾ? ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ಗಾಳಿ ಎದ್ದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ತಂತಿ ಮೇಲೆ ಮರ ಬಿದ್ದರಂತೂ ವಾಪಸ್ ಬರುವುದು ಯಾವಾಗಲೋ. ಇನ್ವರ್ಟರ್‌ಗೆ ಕೊಟ್ಟಿರುವುದು ನಾಲ್ಕು ದೀಪ ಮತ್ತು ವೈಫೈ ರೂಟರ್. ಟಿವಿಗೆ ಕೊಟ್ಟಿಲ್ಲ. ಹಾಗಾಗಿ ಮಳೆಗಾಲದಲ್ಲಿ ಸ್ವಿಚ್‌ಗೆ ಇರುವುದು ಅದರ ಸ್ವಂತ ಪರದೆ ಒಂದೇ. ಆ ಪರದೆ ಚೆನ್ನಾಗಿದ್ದರೆ ಎಲ್ಲ ಚೆನ್ನಾಗಿರುತ್ತದೆ.

ಮೆಟ್ರಾಯ್ಡ್ ಡ್ರೆಡ್ ಅನ್ನುವ ಆಟ ತಗೊಳ್ಳಿ. ಒಎಲ್‌ಇಡಿ ಮಾದರಿ ಅಂಗಡಿಗೆ ಬಂದ ದಿನವೇ, 2021ರ ಅಕ್ಟೋಬರ್ 8ರಂದೇ, ಇದೂ ಬಂತು. ಆಟದ ಬಹುಪಾಲು ನಡೆಯುವುದು ಕತ್ತಲೆಯ ಸುರಂಗಗಳಲ್ಲಿ. ಕರೆಂಟ್ ಇಲ್ಲದ ರಾತ್ರಿ ಜಗಲಿಯಲ್ಲಿ ಕೂತು ನನ್ನ 2019ರ ಸ್ವಿಚ್‌ನಲ್ಲಿ ಆಡಿದರೆ ಕಪ್ಪು ಕಪ್ಪಾಗಿ ಕಾಣುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಲ್‌ಸಿಡಿ ಪರದೆಯ ಹಿಂದೆ ದೀಪ ಯಾವಾಗಲೂ ಉರಿಯುತ್ತಲೇ ಇರುತ್ತದೆ, ಅದರ ಬೆಳಕು ಕಪ್ಪು ಜಾಗದಲ್ಲೂ ಸೋರುತ್ತದೆ. ಸುತ್ತ ಗಾಢ ಕತ್ತಲೆ ಇದ್ದಾಗ ಅದು ಇನ್ನೂ ಎದ್ದು ಕಾಣುತ್ತದೆ. ತಮ್ಮನ ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಗೂ ಅದರದ್ದೇ ಬೆಳಕು. ಕಪ್ಪು ಬೇಕಾದ ಕಡೆ ಚುಕ್ಕಿ ಆರಿಯೇ ಹೋಗುತ್ತದೆ. ಚಿತ್ರ ಎಲ್ಲಿ ಮುಗಿಯಿತು, ಪರದೆಯ ಅಂಚು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಬೆನ್ನಟ್ಟಿ ಬರುವ ರೋಬೋಟ್‌ನ ಕಣ್ಣಿನ ಬೆಳಕು ಮಾತ್ರ ಕಾಣುತ್ತದೆ. ಆಟದ ಭಯವೇ ಬೇರೆಯಾಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆ ನನ್ನದನ್ನು ಮತ್ತೆ ಕೈಗೆತ್ತಿಕೊಳ್ಳಲು ಮನಸ್ಸು ಬರಲಿಲ್ಲ.

ಬಣ್ಣದ ವಿಷಯಕ್ಕೆ ಒಂದು ಮಾತು. ಒಎಲ್‌ಇಡಿ ಮಾದರಿಯಲ್ಲಿ ಬಣ್ಣಕ್ಕೆ 'ವಿವಿಡ್' ಮತ್ತು 'ಸ್ಟ್ಯಾಂಡರ್ಡ್' ಅಂತ ಎರಡು ಸೆಟ್ಟಿಂಗ್ ಇವೆ. ಮೊದಲನೆಯದರಲ್ಲಿ ಹಸಿರು, ಕೆಂಪು ಸ್ವಲ್ಪ ಅತಿಯಾಗುತ್ತವೆ. ಎರಡನೆಯದಕ್ಕೆ ಬದಲಾಯಿಸಿ ಆಡಿ, ಕಣ್ಣಿಗೆ ಹಿತವಾಗಿರುತ್ತದೆ.

ಆದರೆ ಪರದೆ ದೊಡ್ಡದಾದರೂ ಚುಕ್ಕಿಗಳ ಸಂಖ್ಯೆ ಹೆಚ್ಚಲಿಲ್ಲ. ಮೂರರಲ್ಲೂ ಇರುವುದು 1280 ಅಡ್ಡ, 720 ಉದ್ದ. ಅದೇ ಚುಕ್ಕಿಗಳನ್ನು ಲೈಟ್ 5.5 ಇಂಚಿನಲ್ಲಿ ಕೂಡಿಸಿದೆ, ನನ್ನದು 6.2 ಇಂಚಿನಲ್ಲಿ, ಒಎಲ್‌ಇಡಿ 7 ಇಂಚಿನಲ್ಲಿ. ಲೆಕ್ಕ ಹಾಕಿದರೆ ಒಂದು ಇಂಚಿಗೆ ಲೈಟ್‌ನಲ್ಲಿ ಸುಮಾರು 267 ಚುಕ್ಕಿ, ನನ್ನದರಲ್ಲಿ 237, ಒಎಲ್‌ಇಡಿಯಲ್ಲಿ 210. ಅಂದರೆ ಗೆರೆ ಅತಿ ಚೂಪಾಗಿ ಕಾಣುವುದು ಎಲ್ಲಕ್ಕಿಂತ ಅಗ್ಗದ ಲೈಟ್‌ನಲ್ಲಿ! ಅಭಿಮಾನಿಗಳು 'ಈ ಕಾಲದಲ್ಲೂ 720ಪಿ ಯಾಕೆ' ಅಂತ ಕೇಳಿದ್ದರಲ್ಲಿ ನ್ಯಾಯ ಇದೆ. ದೊಡ್ಡ ಪರದೆಯಲ್ಲಿ ಮರದ ಎಲೆಗಳ ಅಂಚು ಮೊಂಡಾಗಿ ಕಾಣುತ್ತದೆ. ಹಾಗಂತ ಲೈಟ್ ಗೆದ್ದಿತು ಅನ್ನಲಾರೆ. 'ಮಾವಾ, ಇದ್ರಲ್ಲಿ ಏನ್ ಬರ್ದಿದೆ ಓದ್ ಹೇಳಿ' ಅಂತ ಅಕ್ಕನ ಮಗಳು ಆಗಾಗ ಲೈಟ್ ಹಿಡಿದುಕೊಂಡು ಬರುತ್ತಾಳೆ. ಟಿವಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಆಟಗಳ ಅಕ್ಷರ ಅಷ್ಟು ಸಣ್ಣ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಎಷ್ಟು ಚೂಪಾಗಿದ್ದರೂ ಓದಲು ಕಷ್ಟ. ಅದೇ ಸಾಲನ್ನು ಒಎಲ್‌ಇಡಿಯಲ್ಲಿ ತೋರಿಸಿದರೆ ಅವಳೇ ಸಲೀಸಾಗಿ ಓದುತ್ತಾಳೆ.

ಇನ್ನು ಸ್ಟ್ಯಾಂಡ್. ಜನ ಅತಿ ಕಡಿಮೆ ಮಾತಾಡಿದ್ದು ಇದರ ಬಗ್ಗೆ, ನಮ್ಮ ಮನೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದೂ ಇದೇ. ನನ್ನ ಸ್ವಿಚ್‌ನ ಹಿಂದೆ ಇರುವುದು ಒಂದು ಮೂಲೆಯಲ್ಲಿ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ. ಅದಕ್ಕೆ ಒಂದೇ ಕೋನ. ಹಳೇ ಮನೆಯ ಉಪ್ಪರಿಗೆಗೆ ಮರದ ಹಲಗೆಯ ನೆಲ. ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಹಲಗೆ ಅದುರುತ್ತದೆ, ಪಟ್ಟಿ ಮಡಚಿಕೊಳ್ಳುತ್ತದೆ, ಸ್ವಿಚ್ ಅಂಗಾತ ಬೀಳುತ್ತದೆ. ಆ ಹೊತ್ತಿಗೆ ಮಾರಿಯೊ ಕಾರ್ಟ್ ರೇಸಿನ ಕೊನೇ ಸುತ್ತು ನಡೆಯುತ್ತಿದ್ದರೆ ಮನೆಯಲ್ಲಿ ಜಗಳ. ಒಎಲ್‌ಇಡಿಯಲ್ಲಿ ಹಿಂಬದಿಯ ಉದ್ದಕ್ಕೂ ಅಗಲವಾದ ಸ್ಟ್ಯಾಂಡ್ ಇದೆ. ಅದರ ಕೀಲು ಬಿಗಿಯಾಗಿದೆ. ಬೇಕಾದ ಕೋನದಲ್ಲಿ ನಿಲ್ಲಿಸಬಹುದು. ನೆಲದ ಮೇಲೆ ಕೂತವರಿಗೆ ಪೂರ್ತಿ ಒರಗಿಸಿ, ಮೇಜಿನ ಮುಂದೆ ಕೂತವರಿಗೆ ನೆಟ್ಟಗೆ. ಪರದೆಯ ಎರಡು ಬದಿಯ ಬಟನ್ ಭಾಗ, ಅಂದರೆ ಎರಡು ಜಾಯ್‌ಕಾನ್ ಬಿಚ್ಚಿ ಇಬ್ಬರು ಆಡಿದರೆ ಸುತ್ತ ನಾಲ್ಕು ಜನ ಕೂತು ನೋಡಬಹುದು. ಹಲಗೆ ಅದುರಿದರೂ ಅಲ್ಲಾಡುವುದಿಲ್ಲ. ಒಂದೇ ಕೊರತೆ ಅಂದರೆ ಚಾರ್ಜಿಂಗ್ ಪೋರ್ಟ್ ಇನ್ನೂ ಕೆಳಗೇ ಇದೆ. ನಿಲ್ಲಿಸಿಕೊಂಡು ಆಡುತ್ತಾ ಚಾರ್ಜ್ ಮಾಡಲು ಆಗುವುದಿಲ್ಲ. ಇಷ್ಟು ಒಳ್ಳೆ ಸ್ಟ್ಯಾಂಡ್ ಮಾಡಿದವರು ಅದನ್ನೂ ಸರಿಪಡಿಸಬೇಕಿತ್ತು. ಲೈಟ್‌ಗಂತೂ ಸ್ಟ್ಯಾಂಡೂ ಇಲ್ಲ, ಅದರ ಬಟನ್ ಭಾಗ ಬಿಚ್ಚಲೂ ಬರುವುದಿಲ್ಲ, ಟಿವಿಗೂ ಹಾಕುವಂತಿಲ್ಲ.

ಬ್ಯಾಟರಿಯಲ್ಲಿ ನನ್ನದಕ್ಕೂ ತಮ್ಮನದ್ದಕ್ಕೂ ವ್ಯತ್ಯಾಸ ಇಲ್ಲ. ಎರಡರಲ್ಲೂ 4310 ಎಂಎಎಚ್. ಕಂಪನಿ ಹೇಳುವುದು ನಾಲ್ಕೂವರೆಯಿಂದ 9 ಗಂಟೆ, ಬ್ರೆತ್ ಆಫ್ ದ ವೈಲ್ಡ್ ಅನ್ನುವ ಆಟ ಆಡಿದರೆ ಸುಮಾರು ಐದೂವರೆ ಗಂಟೆ. ನಮಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಲೈಟ್‌ನಲ್ಲಿ 3570 ಎಂಎಎಚ್, ಅದೇ ಆಟ 4 ಗಂಟೆ. 2017ರ ಮೊದಲ ಸ್ವಿಚ್‌ನಲ್ಲಿ ಅದೇ ಆಟ ಬರುತ್ತಿದ್ದುದು 3 ಗಂಟೆ ಮಾತ್ರ. 2019ರಲ್ಲಿ ಚಿಪ್ಪನ್ನು ಇನ್ನೂ ಸಣ್ಣ ಅಳತೆಯಲ್ಲಿ ತಯಾರಿಸಿದ್ದರಿಂದ ಅದೇ ಬ್ಯಾಟರಿಗೆ ಎರಡೂವರೆ ಗಂಟೆ ಜಾಸ್ತಿ ಸಿಕ್ಕಿತು. ಹೊರಗಿನಿಂದ ನೋಡಿದರೆ ಏನೂ ಬದಲಾಗಿರಲಿಲ್ಲ, ಬೆಲೆಯೂ ಏರಲಿಲ್ಲ, ದೊಡ್ಡ ಪ್ರಚಾರವೂ ಇರಲಿಲ್ಲ. ಆಗ ಯಾರೂ ಬೈಯಲಿಲ್ಲ, ಖುಷಿಪಟ್ಟರು. ಕರೆಂಟ್ ಕೈಕೊಡುವ ಊರಿನವನಾಗಿ ಹೇಳುತ್ತೇನೆ, ಸ್ವಿಚ್‌ನ ಎಲ್ಲ ಬದಲಾವಣೆಗಳಲ್ಲಿ ನನಗೆ ಅತಿ ಬೆಲೆಬಾಳುವಂಥದ್ದು ಅದೇ. ಪಿಡಿ ಅನ್ನುವ ವೇಗದ ಚಾರ್ಜಿಂಗ್ ಇರುವ ಒಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ಇಡೀ ದಿನ ಕರೆಂಟ್ ಇಲ್ಲದಿದ್ದರೂ ತೊಂದರೆ ಇಲ್ಲ.

ತೇವದ ವಿಷಯದಲ್ಲಿ ಮೂರೂ ಒಂದೇ. ಸ್ವಿಚ್ ಬಳಸಲು ಗಾಳಿಯ ತೇವಾಂಶ ಶೇ. 20ರಿಂದ 80ರ ಒಳಗಿರಬೇಕು ಅಂತ ಕಂಪನಿಯೇ ಬರೆದಿದೆ. ಆಗುಂಬೆ ಇರುವುದು ನಮ್ಮ ಹಳೇ ಮನೆಯ ತಾಲ್ಲೂಕಿನಲ್ಲೇ. ಜುಲೈನಲ್ಲಿ ಇಲ್ಲಿ 80 ದಾಟದ ದಿನ ಹುಡುಕಬೇಕು. ಚರ್ಮದ ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಕಾಲ ಅದು. ಸ್ವಿಚ್ ಹಿಂಬದಿಯಿಂದ ಗಾಳಿ ಎಳೆದು ಮೇಲಿನಿಂದ ಬಿಡುತ್ತದೆ, ಒಳಗೆ ಫ್ಯಾನ್ ಇದೆ, ನೀರು ತಡೆಯುವ ವ್ಯವಸ್ಥೆ ಯಾವುದರಲ್ಲೂ ಇಲ್ಲ. ಆಡಿದ ಮೇಲೆ ನಾವು ಮೂರನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇವೆ. ಆಟಗಳ ಕಾರ್ಟ್ರಿಡ್ಜ್‌ಗಳೂ ಅಲ್ಲೇ. 4ಕೆ ಬೇಕು ಅಂತ ಕೇಳಿದವರು ಸಾವಿರಾರು ಜನ. ತೇವ ತಡೆದುಕೊಳ್ಳುವ ಯಂತ್ರ ಬೇಕು ಅಂತ ಕೇಳಿದವರನ್ನು ನಾನು ನೋಡಲಿಲ್ಲ. ನನಗೆ ಅದು ಬೇಕು.

ಈಗ ಸಿಟ್ಟಿನ ಮೂಲಕ್ಕೆ ಬರೋಣ. ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಕೊರೊಕ್ ಕಾಡು ಅಂತ ಒಂದು ಜಾಗ ಇದೆ. ಅಲ್ಲಿ ಹೋದರೆ ಚಿತ್ರ ತಡವರಿಸುತ್ತದೆ ಅನ್ನುವುದು ಆ ಆಟ ಆಡಿದ ಎಲ್ಲರಿಗೂ ಗೊತ್ತು. ಮೂರು ಯಂತ್ರಗಳನ್ನೂ ಪಕ್ಕಪಕ್ಕ ಹಿಡಿದು ಅದೇ ಮರದ ಹತ್ತಿರ ಓಡಿಸಿ ನೋಡಿದೆವು. ಮೂರೂ ಅಲ್ಲೇ ಎಡವಿದವು. ಶಿವಮೊಗ್ಗದ ಮನೆಯಲ್ಲಿ ಟಿವಿಗೆ ಹಾಕಿದಾಗಲೂ ನನ್ನದಕ್ಕೂ ಒಎಲ್‌ಇಡಿಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಎರಡರದ್ದೂ ಗರಿಷ್ಠ 1080ಪಿ. ಡಾಕ್‌ನ ಲ್ಯಾನ್ ಪೋರ್ಟ್ ಒಳ್ಳೆಯದೇ, ಆದರೆ ಹಳೇ ಡಾಕ್‌ಗೂ ಯುಎಸ್‌ಬಿ ಅಡಾಪ್ಟರ್ ಹಾಕಿ ಕೇಬಲ್ ಕೊಡಬಹುದಿತ್ತು. ಬ್ಲೂಟೂತ್ ಇಯರ್‌ಫೋನ್ ಹಾಕುವ ಸೌಲಭ್ಯ 2021ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ಎಲ್ಲ ಸ್ವಿಚ್‌ಗಳಿಗೂ ಬಿಟ್ಟಿಯಾಗಿಯೇ ಸಿಕ್ಕಿತು. ಟಿವಿ ಮುಂದೆ ಕೂತು ಆಡುವವನು 50 ಡಾಲರ್ ಜಾಸ್ತಿ ಕೊಟ್ಟು ಏನು ಪಡೆದ? ಏನೂ ಇಲ್ಲ. ಅವನ ನೋವನ್ನು ಅತಿಯಾಸೆ ಅಂತ ತಳ್ಳಿಹಾಕುವುದು ಅನ್ಯಾಯ. ನಾಲ್ಕು ವರ್ಷ ಹಳೆಯ ಯಂತ್ರ, ಅದು ಶುರುವಾದಾಗಲೇ ಹಳೆಯದಾಗಿದ್ದ ಚಿಪ್. ಅವನು ಕೇಳಿದ್ದು ಒಳಗಿನ ಬಲ.

ಬಸ್ಸಿನಲ್ಲಿ ಲೈಟ್‌ಗೆ ಸಾಟಿ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಜೊತೆಜೊತೆಗೇ ತಿರುವುಗಳು. ಲೈಟ್ 275 ಗ್ರಾಂ, ಒಎಲ್‌ಇಡಿ ಜಾಯ್‌ಕಾನ್ ಸೇರಿ ಸುಮಾರು 420 ಗ್ರಾಂ. ಒಂದು ಕೈಯಲ್ಲಿ ಕಂಬಿ ಹಿಡಿದುಕೊಳ್ಳುವ ಪರಿಸ್ಥಿತಿ ಬಂದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕಿಟಕಿ ಪಕ್ಕ ಬಿಸಿಲು ಬಿದ್ದರೆ ಮೂರೂ ಪರದೆ ಕನ್ನಡಿಯಾಗುತ್ತವೆ, ಒಎಲ್‌ಇಡಿ ಕೂಡ.

2023ರ ನವೆಂಬರ್‌ನಲ್ಲಿ ವಾಲ್ವ್ ಕಂಪನಿ ಕೈಯಲ್ಲಿ ಹಿಡಿದು ಆಡುವ ತನ್ನ ಯಂತ್ರ ಸ್ಟೀಮ್ ಡೆಕ್‌ಗೂ ಒಎಲ್‌ಇಡಿ ಹಾಕಿತು. ಅಲ್ಲೂ ಆಟದ ವೇಗ ಹೆಚ್ಚುಕಡಿಮೆ ಹಳೆಯದೇ. ಆದರೆ ಪರದೆ ಚಿತ್ರ ಬದಲಿಸುವ ವೇಗ 60 ಹರ್ಟ್ಸ್‌ನಿಂದ 90 ಆಯಿತು, ಬ್ಯಾಟರಿ 40 ವ್ಯಾಟ್-ಅವರ್‌ನಿಂದ 50ಕ್ಕೆ ಏರಿತು, ವೈಫೈ ಬದಲಾಯಿತು. ಜನ ಮೆಚ್ಚಿದರು. ನಿಂಟೆಂಡೊ ಪರದೆ ಒಂದನ್ನೇ ಮುಂದೆ ಮಾಡಿತು, ಜನರ ಮನಸ್ಸಿನಲ್ಲಿ ಮಾತ್ರ 4ಕೆ ಕೂತಿತ್ತು. ಸುದ್ದಿ ಹಬ್ಬುತ್ತಿದ್ದ ಅಷ್ಟು ತಿಂಗಳು ಕಂಪನಿ 4ಕೆ ಬಗ್ಗೆ ನೇರವಾಗಿ ಏನೂ ಹೇಳಲಿಲ್ಲ. ಬೇರೆ ಮಾದರಿಯ ಯೋಜನೆ ಸದ್ಯಕ್ಕಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಒಎಲ್‌ಇಡಿ ತೋರಿಸಿದ ಮೇಲೆ. ಆ ಮಾತು ಮೊದಲೇ ಬಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಜನ ಕೇಳಿದ್ದು ಕೊನೆಗೆ ಸಿಕ್ಕಿದ್ದು 2025ರ ಜೂನ್ 5ರಂದು, ಸ್ವಿಚ್ 2 ಆಗಿ. ಟಿವಿಯಲ್ಲಿ 4ಕೆ, 7.9 ಇಂಚಿನ 1080ಪಿ ಪರದೆ, ಮೇಲ್ಭಾಗದಲ್ಲೂ ಒಂದು ಚಾರ್ಜಿಂಗ್ ಪೋರ್ಟ್. ಆದರೆ ಪರದೆ ಮತ್ತೆ ಎಲ್‌ಸಿಡಿ, ಬ್ಯಾಟರಿ 2ರಿಂದ ಆರೂವರೆ ಗಂಟೆ. ಕತ್ತಲೆಯ ಜಗಲಿಗೆ ಇವತ್ತಿಗೂ ನಾನು ಎತ್ತಿಕೊಳ್ಳುವುದು ತಮ್ಮನ ಒಎಲ್‌ಇಡಿಯನ್ನೇ.

ನಮ್ಮ ದೇಶದಲ್ಲಿ ನಿಂಟೆಂಡೊ ಸ್ವಿಚ್ ಅನ್ನು ಅಧಿಕೃತವಾಗಿ ಮಾರುತ್ತಿಲ್ಲ. ಹೊರಗಿನಿಂದ ತರಿಸಿದವರ ಹತ್ತಿರ ಅವರು ಹೇಳಿದ ಬೆಲೆಗೆ ಕೊಳ್ಳಬೇಕು, ಕೆಟ್ಟರೆ ವಾರಂಟಿ ಇಲ್ಲ. ಹಾಗಾಗಿ 2019ರ ಮಾದರಿ ಇರುವವರು, ಟಿವಿಯಲ್ಲೇ ಹೆಚ್ಚು ಆಡುವವರಾದರೆ, ಅದನ್ನೇ ಇಟ್ಟುಕೊಳ್ಳಿ. 2017ರದ್ದು ಇದ್ದು, ಕೈಯಲ್ಲೇ ಆಡುವವರಾದರೆ ಒಎಲ್‌ಇಡಿ ತಗೊಳ್ಳಿ, ಪರದೆ ಮತ್ತು ಬ್ಯಾಟರಿ ಎರಡೂ ಒಟ್ಟಿಗೆ ಸಿಗುತ್ತವೆ. ಒಬ್ಬಳೇ ಆಡುವ ಮಗುವಿಗೆ, ಓಡಾಟಕ್ಕೆ, ಕಡಿಮೆ ದುಡ್ಡಿಗೆ ಲೈಟ್ ಸಾಕು.

ಸೆಕೆಂಡ್ ಹ್ಯಾಂಡ್ ಮಾಮೂಲಿ ಸ್ವಿಚ್ ನೋಡುವಾಗ ಹಿಂಬದಿಯ ಮಾದರಿ ಸಂಖ್ಯೆ ಓದಿ. ಎಚ್‌ಎಸಿ-001ರ ಮುಂದೆ ಕಂಸದಲ್ಲಿ -01 ಇದ್ದರೆ ಅದು 2019ರ ಹೆಚ್ಚು ಬಾಳಿಕೆಯದ್ದು. ಒಎಲ್‌ಇಡಿ ಆದರೆ ಪೂರ್ತಿ ಬಿಳಿ ಚಿತ್ರ ಒಂದನ್ನು ಪರದೆ ತುಂಬ ಹಾಕಿಸಿ, ಎಲ್ಲಾದರೂ ಹಳೇ ಚಿತ್ರದ ಕಲೆ ಉಳಿದಿದೆಯಾ ಅಂತ ನೋಡಿ. ಗಾಜಿನ ಮೇಲೆ ಕಂಪನಿಯೇ ಅಂಟಿಸಿದ ತೆಳುವಾದ ಹಾಳೆ ಇರುತ್ತದೆ. ಗಾಜು ಒಡೆದರೆ ಚೂರು ಸಿಡಿಯದಂತೆ ತಡೆಯುವುದಕ್ಕೆ ಇರುವುದು ಅದು. ಸ್ಕ್ರೀನ್ ಗಾರ್ಡ್ ಅಂದುಕೊಂಡು ಯಾರಾದರೂ ಕಿತ್ತು ಹಾಕಿದ್ದರೆ ಅದನ್ನು ತಗೊಳ್ಳಬೇಡಿ.