ಒಳ ಕ್ಲಾಸ್: ನೇರ ಬಳಕೆಯೋ, ಹೊದಿಕೆಯೋ, ಸಾರ್ವಜನಿಕ ಎಪಿಐಯೋ?

ಮಣಿಪಾಲದ ಕಿರಿಯ ಸಹೋದ್ಯೋಗಿಯೊಬ್ಬರು ಲೈಬ್ರರಿಯ ಒಳ ಕ್ಲಾಸನ್ನು (ಲೈಬ್ರರಿ ತನ್ನ ಬಳಕೆಗಷ್ಟೇ ಇಟ್ಟುಕೊಂಡ ಕೋಡನ್ನು) ನೇರವಾಗಿ ಬಳಸಬೇಕೋ, ಅದಕ್ಕೊಂದು ಹೊದಿಕೆ (ಅದನ್ನು ಕರೆಯುವ ನಮ್ಮದೇ ಒಂದು ಪದರ) ಬರೆಯಬೇಕೋ, ಸಾರ್ವಜನಿಕ ಎಪಿಐಯನ್ನೇ (ಹೊರಗಿನವರ ಬಳಕೆಗೆಂದೇ ಲೈಬ್ರರಿ ಕೊಟ್ಟ ದಾರಿಯನ್ನೇ) ನೆಚ್ಚಿಕೊಳ್ಳಬೇಕೋ ಎಂದು ಕೇಳಿದ್ದಾರೆ.

ಆರಂಭದ ಶ್ರಮವನ್ನಷ್ಟೇ ನೋಡಿದರೆ ನೇರ ಬಳಕೆಯೇ ಹಗುರ. ಒಂದು ಇಂಪೋರ್ಟ್ ಸಾಲು ಸಾಕು.

ಬಾಳಿಕೆಯ ಲೆಕ್ಕ ಬೇರೆ. ಜಾವಾ ಭಾಷೆಯ ಸನ್ ಮಿಸ್ಕ್ ಎಂಬ ಒಳ ಪ್ಯಾಕೇಜಿನಲ್ಲಿದ್ದ ಬೇಸ್64 ಎನ್ಕೋಡರ್ (ಡೇಟಾವನ್ನು ಸರಳ ಅಕ್ಷರಗಳಿಗೆ ಬದಲಿಸುವ ಕ್ಲಾಸ್) 2017ರ ಜಾವಾ 9ರಲ್ಲಿ ಇಲ್ಲವಾಯಿತು. ಅದರ ಸಾರ್ವಜನಿಕ ಪರ್ಯಾಯ 2014ರ ಜಾವಾ 8ರಲ್ಲೇ ಬಂದಿದ್ದರಿಂದ, ಆಗಲೇ ಅತ್ತ ಸರಿದವರ ಕೋಡ್ ಈ ಕಾರಣಕ್ಕೆ ಮುರಿಯಲಿಲ್ಲ. ಆದರೆ ಬರೀ ಹೆಸರು ಬದಲಿಸಿದರೆ ಮುಗಿಯದು: ಹಳೆಯದು 76 ಅಕ್ಷರಗಳಿಗೊಮ್ಮೆ ಸಾಲು ಮುರಿಯುತ್ತಿತ್ತು, ಹೊಸದರ ಸಾಮಾನ್ಯ ಎನ್ಕೋಡರ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ಮಂಗಳೂರಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಕೋಡಿನಲ್ಲಿ ಇಂಥ ಕರೆಗಳು ಹತ್ತಾರು ಫೈಲುಗಳಲ್ಲಿ ಚದುರಿದ್ದವು. ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಬೇಕಾಯಿತು.

ಹೊದಿಕೆ ಆ ಒಡಕನ್ನು ತಡೆಯುವುದಿಲ್ಲ, ಒಂದೇ ಫೈಲಿಗೆ ಸೀಮಿತಗೊಳಿಸುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡ ಉಪಕಾರ.

ಹಾಗಾಗಿ ಒಮ್ಮೆ ಓಡಿಸಿ ಬಿಸಾಡುವ ಸ್ಕ್ರಿಪ್ಟಿಗೆ ನೇರ ಬಳಕೆ ನಡೆದೀತು. ವರ್ಷಗಟ್ಟಲೆ ಬಾಳಬೇಕಾದ ಕೋಡಿಗೆ, ನಾಲ್ಕು ಸಾಲು ಹೆಚ್ಚಾದರೂ, ಸಾರ್ವಜನಿಕ ಎಪಿಐ ಮೇಲು. ಅಂಥ ಎಪಿಐಯೇ ಇಲ್ಲದಿದ್ದರೆ ಹೊದಿಕೆ ಬರೆದು, ಲೈಬ್ರರಿಯ ಆವೃತ್ತಿಯನ್ನು ನಿಗದಿಗೊಳಿಸಿ, ಹೊದಿಕೆಗೊಂದು ಟೆಸ್ಟ್ ಸೇರಿಸಿ.