ಕೈಕಾಲಿನ ನರದ ಗಂಟು: ಅಲ್ಟ್ರಾಸೌಂಡ್ ಸಾಕಾ, ಎಂಆರ್‌ಐನೇ ಬೇಕಾ?

ಮುಂಗೈಲೋ ಮೊಣಕಾಲಿನ ಹಿಂದೇನೋ ಒಂದು ಗಂಟು, ಮೆಲ್ಲಗೆ ತಟ್ಟಿದ್ರೂ ಬೆರಳ ತನಕ ಕರೆಂಟ್ ಹೊಡೆದಂಗೆ ಜುಮ್ ಅನ್ನತ್ತೆ ಅಂದ್ರೆ ಬರೀ ಕೊಬ್ಬಿನ ಗಡ್ಡೆ ಅಂತ ಬಿಟ್ಬಿಡ್ಬೇಡಿ, ನರದ ಹೊದಿಕೆಯಲ್ಲಿ ಹುಟ್ಟೋ ಶ್ವಾನೋಮಾನೋ ನ್ಯೂರೋಫೈಬ್ರೋಮಾನೋ ಇರಬಹುದು. ಹೆಚ್ಚಿನವು ಕ್ಯಾನ್ಸರ್ ಅಲ್ಲ.

ಗಂಟು ಚರ್ಮದ ಹತ್ರನೇ ಇದ್ರೆ ಮೊದ್ಲು ಅಲ್ಟ್ರಾಸೌಂಡ್ ಮಾಡ್ಸಿ. ಖರ್ಚು ಕಮ್ಮಿ, ಬೇಗ ಮುಗಿಯತ್ತೆ, ಗಂಟಿನ ಎರಡೂ ತುದಿಗೆ ನರ ಸೇರ್ಕೊಂಡಿರೋದು ಎಷ್ಟೋ ಸಲ ಅದರಲ್ಲೇ ಕಾಣತ್ತೆ. ಆದ್ರೆ ಮಾಡೋರ ಕೈ ಪಳಗಿರಬೇಕು.

ತೊಡೆ ಒಳಗಿನ ಸಯಾಟಿಕ್ ನರದಂಥ ಆಳದ ಜಾಗಕ್ಕೆ ಎಂಆರ್‌ಐನೇ ಸರಿ, ಆಪರೇಷನ್ ಯೋಚನೆ ಇದ್ರಂತೂ ಬೇಕೇ ಬೇಕು, ಯಾಕಂದ್ರೆ ಯಾವ ನರ, ಎಷ್ಟುದ್ದ, ಪಕ್ಕದಲ್ಲಿ ರಕ್ತನಾಳ ಎಲ್ಲಿದೆ ಎಲ್ಲಾ ಸರ್ಜನ್‌ಗೆ ಮೊದ್ಲೇ ಗೊತ್ತಾಗತ್ತೆ. ಎಂಆರ್‌ಐನ ಟಿ2 ಅನ್ನೋ ಬಗೆಯ ಚಿತ್ರದಲ್ಲಿ ಗಂಟಿನ ಅಂಚು ಬೆಳ್ಳಗೆ, ನಡು ಕಪ್ಪಗೆ ಕಂಡ್ರೆ ಅದನ್ನ ಟಾರ್ಗೆಟ್ ಸೈನ್ ಅಂತಾರೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ ಅನ್ನೋ ಒಳ್ಳೇ ಲಕ್ಷಣ. 5 ಸೆಂ.ಮೀ.ಗಿಂತ ದೊಡ್ಡದು, ಅಂಚು ಅಂಕುಡೊಂಕು, ಸುತ್ತ ಊತ ಅಂದ್ರೆ ಕ್ಯಾನ್ಸರ್ ಇರಬಹುದಾ ಅಂತ ಡಾಕ್ಟರ್ ಅನುಮಾನ ಪಡ್ತಾರೆ. ಶ್ವಾನೋಮಾನಾ ನ್ಯೂರೋಫೈಬ್ರೋಮಾನಾ ಅಂತ ಖಚಿತವಾಗಿ ಹೇಳೋಕೆ ಮಾತ್ರ ಎಂಆರ್‌ಐಗೂ ಎಷ್ಟೋ ಸಲ ಆಗಲ್ಲ, ಅದಕ್ಕೆ ಗಂಟಿನ ತುಣುಕನ್ನ ಲ್ಯಾಬಲ್ಲಿ ನೋಡಿ ಕೊಡೋ ಪೆಥಾಲಜಿ ರಿಪೋರ್ಟೇ ಬೇಕು.

ಪೇಸ್‌ಮೇಕರ್ ಇದ್ರೆ, ಕಿಡ್ನಿ ತೊಂದ್ರೆ ಇದ್ರೆ ಮುಂಚೆನೇ ಹೇಳಿ, ಪೇಸ್‌ಮೇಕರ್ ವಿಷ್ಯ ಎಂಆರ್‌ಐ ಮಷೀನ್ ಒಳಗೆ ಹೋಗೋ ಮುಂಚೆ, ಕಿಡ್ನಿ ವಿಷ್ಯ ಚಿತ್ರ ಸ್ಪಷ್ಟವಾಗಿ ಬರೋಕೆ ಹಾಕೋ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡೋ ಮುಂಚೆ ಗೊತ್ತಿರಬೇಕು.

ನ್ಯೂರೋಫೈಬ್ರೊಮಟೋಸಿಸ್ 1 (ನರಗಳಲ್ಲಿ ಗಂಟು ಬೆಳೆಸೋ ಜೀನ್ ಕಾಯಿಲೆ) ಇರೋರಿಗೆ ಹಳೇ ಗಂಟು ದಿಢೀರ್ ಬೆಳೀತಿದ್ರೆ, ಸುಮ್ನೆ ಮಲಗಿದ್ರೂ ನೋಯ್ತಿದ್ರೆ, ಅಲ್ಟ್ರಾಸೌಂಡ್‌ಗೆ ಕಾಯದೆ ನೇರ ಎಂಆರ್‌ಐ ಕೇಳಿ, ಆಮೇಲೆ ಕ್ಯಾನ್ಸರ್ ಇದೆಯಾ ನೋಡೋಕೆ ಪೆಟ್ ಸ್ಕ್ಯಾನ್, ಗಂಟಿನ ತುಣುಕು ತೆಗೆದು ನೋಡೋ ಬಯಾಪ್ಸಿನೂ ಬೇಕಾಗಬಹುದು.